ಜೋರಾಗಿ ಹಾಡಿ ಹೆಸರಾದವರು ಶೈಲಿ ಬದಲಿಸಿ ಮೆಲ್ಲಗೆ ಹಾಡಿದ ಸೋಲ್ (ಅಮೆರಿಕದ ಕಪ್ಪು ಜನರ ಭಾವತುಂಬಿದ ಗಾಯನ ಶೈಲಿ) ಆಲ್ಬಂ ಯಾವುದಾದರೂ ಇದೆಯಾ?

ಇದೆ. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರ 'ಡಸ್ಟಿ ಇನ್ ಮೆಂಫಿಸ್', 1969ರದು. ನನಗೆ ತುಂಬಾ ಹತ್ತಿರವಾದ ಆಲ್ಬಂ.

ಆದರೆ ಅದಕ್ಕೂ ಮೊದಲು ಅವರ 1966ರ 'ಯೂ ಡೋಂಟ್ ಹ್ಯಾವ್ ಟು ಸೇ ಯೂ ಲವ್ ಮಿ' ಕೇಳಿ. ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿದ ಹಾಡು. ಹಿಂದೆ ದೊಡ್ಡ ವಾದ್ಯಮೇಳ, ಅದರ ಮೇಲೆ ಏರುತ್ತಾ ಏರುತ್ತಾ ಹೋಗುವ ದನಿ. ಲಂಡನ್ನಿನ ಈ ಗಾಯಕಿಯನ್ನು ಜನ ಗುರುತಿಸುತ್ತಿದ್ದದ್ದೇ ಹಾಗೆ.

ಎರಡು ವರ್ಷದ ನಂತರ ಅವರು ಅಮೆರಿಕದ ಮೆಂಫಿಸ್‌ಗೆ ಹೋದರು. ಜೆರ್ರಿ ವೆಕ್ಸ್ಲರ್, ಟಾಮ್ ಡೌಡ್, ಆರಿಫ್ ಮಾರ್ಡಿನ್ ನಿರ್ಮಾಪಕರು. ಅಮೆರಿಕನ್ ಸೌಂಡ್ ಸ್ಟುಡಿಯೋದ ವಾದ್ಯಗಾರರು, ಗಿಟಾರ್‌ನಲ್ಲಿ ರೆಜ್ಜಿ ಯಂಗ್. ಎಲ್ಲಾ ಸರಿ ಇತ್ತು, ಹಾಡಬೇಕಾದವರಿಗೇ ಗಂಟಲು ಕಟ್ಟಿತು. ತಾವು ಆರಾಧಿಸುತ್ತಿದ್ದ ಸೋಲ್ ಗಾಯಕರ ಪಕ್ಕ ತಮ್ಮನ್ನು ಇಟ್ಟು ನೋಡುತ್ತಾರಲ್ಲ ಎಂಬ ಅಳುಕು. ಕೊನೆಗೆ ಆಲ್ಬಂನಲ್ಲಿರುವ ಅವರ ದನಿ ಮುದ್ರಣವಾದದ್ದು ನ್ಯೂಯಾರ್ಕ್‌ನಲ್ಲಿ! ಹೆಸರಲ್ಲಿ ಮೆಂಫಿಸ್ ಇದೆ ಅಷ್ಟೇ.

ಇಷ್ಟು ಅಳುಕಿದವರು ಹಾಡಿರುವ ರೀತಿ ನೋಡಿ. ಆಲ್ಬಂನಲ್ಲಿ ರ‍್ಯಾಂಡಿ ನ್ಯೂಮನ್ ಬರೆದ ಒಂದು ಹಾಡಿದೆ, 'ಐ ಡೋಂಟ್ ವಾಂಟ್ ಟು ಹಿಯರ್ ಇಟ್ ಎನಿಮೋರ್'. ಮರದ ಕಟ್ಟಡ, ಇಕ್ಕಟ್ಟಾದ ಕೋಣೆ. ತನ್ನವನು ಕೈಬಿಡುತ್ತಾನೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುವುದು ಗೋಡೆಯಾಚೆಯಿಂದ ಹಾಡಿನಲ್ಲಿರುವ ಹೆಣ್ಣಿಗೆ ಕೇಳಿಸುತ್ತದೆ. ಮೊದಲಿನ ಡಸ್ಟಿ ಆಗಿದ್ದರೆ ಶುರುವಿನಲ್ಲೇ ನಮ್ಮನ್ನು ಅಳಿಸಿಬಿಡುತ್ತಿದ್ದರು ಅನ್ನಿಸುತ್ತದೆ. ಇಲ್ಲಿ ಮೊದಲ ಸಾಲುಗಳನ್ನು ಮಾತಾಡಿದ ಹಾಗೆ ಹಾಡುತ್ತಾರೆ. ತಾನೂ ಜೋರಾಗಿ ಹಾಡಿದರೆ ಪಕ್ಕದ ಮನೆಗೆ ಕೇಳಿಸೀತು ಅನ್ನುವಷ್ಟು ಮೆಲ್ಲಗೆ. ದನಿ ಅದೇ, ಶಕ್ತಿಯೂ ಅದೇ. ಅದನ್ನು ತಡೆದು ಹಿಡಿದಿದ್ದಾರೆ, ಅದಕ್ಕೇ ಜಾಸ್ತಿ ನೋವಾಗುತ್ತದೆ.

ಮಾರಾಟದ ಮಟ್ಟಿಗೆ ಇದು ಗೆಲ್ಲಲಿಲ್ಲ. 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಒಂದು ಹಾಡು ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಹತ್ತರಲ್ಲಿ ಬಂತು. ಆಲ್ಬಂ ಮಾತ್ರ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 99ನೇ ಸ್ಥಾನಕ್ಕೇ ನಿಂತಿತು. ಹೊಟ್ಟೆ ಉರಿಯುತ್ತದೆ, ಅಲ್ವಾ? 1994ರಲ್ಲಿ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಆ ಹಾಡು ಬಂದಾಗ ಹೊಸ ತಲೆಮಾರಿನವರು ಡಸ್ಟಿಯನ್ನು ಕೇಳಿದರು.

ಹೆಡ್‌ಫೋನ್ ಹಾಕಿಕೊಂಡು ಕೇಳಿ. 'ಜಸ್ಟ್ ಎ ಲಿಟಲ್ ಲವಿನ್'' ಮೊದಲ ಹಾಡು, ಅಲ್ಲಿಂದ ಶುರು ಮಾಡಿ. ಬೆಳಗಿನ ಹೊತ್ತಿನ ಹಾಡು ಅದು, ಬೆಳಗ್ಗೆಯೇ ಕೇಳಿದರೆ ಇನ್ನೂ ಒಳ್ಳೆಯದು.