ಬೇಸ್‌ಬಾಲ್ ತಂಡದ ಗೆಲುವಿನಲ್ಲಿ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಪಾಲು ನಿಜಕ್ಕೂ ಎಷ್ಟು?

ಜನ ಅಂದುಕೊಳ್ಳುವಷ್ಟು ಜಾಸ್ತಿ ಇಲ್ಲ ಅನ್ನುವುದು ನನ್ನ ಲೆಕ್ಕ. ಕಾನಿ ಮ್ಯಾಕ್ ಅವರನ್ನೇ ನೋಡಿ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡಕ್ಕೆ 1901ರಿಂದ 1950ರವರೆಗೆ ಮ್ಯಾನೇಜರ್ ಆಗಿದ್ದರು. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ಗೆಲುವೂ ಅವರದೇ, ಅತಿ ಹೆಚ್ಚು ಸೋಲೂ ಅವರದೇ! ಒಳ್ಳೆ ಆಟಗಾರರಿದ್ದಾಗ 5 ಸಲ ವರ್ಲ್ಡ್ ಸೀರೀಸ್ (ಆ ಕೂಟದ ಫೈನಲ್ ಸರಣಿ) ಗೆದ್ದರು. ಆದರೆ 1914ರ ನಂತರ ಆಗಿದ್ದ ಒಳ್ಳೆ ಆಟಗಾರರು ಚದುರಿಹೋದಾಗ ತಂಡ ವರ್ಷಗಟ್ಟಲೆ ಕೊನೆ ಸ್ಥಾನದಲ್ಲೇ ಬಿದ್ದಿತ್ತು. ಮ್ಯಾನೇಜರ್ ಮಾತ್ರ ಅವರೇ.

ಹಾಗಂತ ಸುಮ್ನೆ ಕೂರುವ ಕೆಲಸವೂ ಅಲ್ಲ. ಕ್ರಿಕೆಟ್‌ನಲ್ಲಿ ಬೌಲರ್‌ನ ಬದಲಿಸುವುದು ಕ್ಯಾಪ್ಟನ್ ಅಲ್ವಾ? ಇಲ್ಲಿ ಪಿಚರ್‌ನ, ಅಂದರೆ ಚೆಂಡು ಎಸೆಯುವವರನ್ನ, ಬದಲಿಸುವುದು ಮ್ಯಾನೇಜರ್. ಪಂದ್ಯದಿಂದ ಹೊರಗೆ ಹೋದವರು ಮತ್ತೆ ಬರುವಂತಿಲ್ಲ.

2020ರ ವರ್ಲ್ಡ್ ಸೀರೀಸ್, 6ನೇ ಪಂದ್ಯ. ಟ್ಯಾಂಪಾ ಬೇ ರೇಸ್ 1-0 ಮುಂದಿತ್ತು. ಅದರ ಪಿಚರ್ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಬರೀ 2 ಹಿಟ್ (ಬ್ಯಾಟರ್ ಬೇಸ್ ತಲುಪುವ ಹೊಡೆತ) ಕೊಟ್ಟು 9 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ್ದರು. ಮೂರನೇ ಸಲ ಅದೇ ಪಿಚರ್ ಎದುರು ಬರುವ ಬ್ಯಾಟರ್‌ಗಳು ಚೆನ್ನಾಗಿ ಹೊಡೆಯುತ್ತಾರೆ ಅನ್ನುವ ಲೆಕ್ಕ ಹಾಕಿ ರೇಸ್ ಮ್ಯಾನೇಜರ್ ಕೆವಿನ್ ಕ್ಯಾಶ್, ಸ್ನೆಲ್‌ರನ್ನು ಹೊರಗೆ ಕರೆದರು. ಮರುಗಳಿಗೆಯಲ್ಲೇ ಎದುರಾಳಿ ಡಾಡ್ಜರ್ಸ್ ತಂಡದ ಮೂಕಿ ಬೆಟ್ಸ್ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದರು. ಡಾಡ್ಜರ್ಸ್ 3-1ರಿಂದ ಗೆದ್ದು ಕಪ್ ಎತ್ತಿತು.

ತಮಾಷೆ ಏನಂದ್ರೆ, ಆ ವರ್ಷ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಸಿಕ್ಕಿದ್ದೂ ಇದೇ ಕ್ಯಾಶ್‌ಗೆ!