ಸಂಪಾದಕರ ಉತ್ತರ: ಹುಡುಗಿ ಮನಿ ಮುಟ್ಟಿದಳಾ?

ಜಮಖಂಡಿಯ ಓದುಗರೊಬ್ಬರು ಬರೆಯುತ್ತಾರೆ:

"ನಾನು, ನಮ್ಮಣ್ಣ, ಅವ್ವ ಮೂವರೂ ಎಂಟು ತಿಂಗಳು ರಾತ್ರಿ ಊಟ ಆದ ಮೇಲೆ ಕೂತು 'ಲಾಸ್ಟ್' ಎಂಬ ಅಮೆರಿಕದ ಧಾರಾವಾಹಿ ನೋಡಿದೆವು. ಒಟ್ಟು 121 ಕಂತು. ವಿಮಾನ ಬಿದ್ದ ಆ ದ್ವೀಪ ಎಂಥದು, ಕರಿ ಹೊಗೆ ಏನು, 4, 8, 15, 16, 23, 42 ಎಂಬ ಅಂಕಿಗಳ ಗುಟ್ಟೇನು ಅಂತ ತಲೆ ಕೆಡಿಸಿಕೊಂಡೆವು. ನಾನು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಿದ್ದೆ. ಕೊನೆಗೆ ಎಲ್ಲರೂ ಒಂದು ಚರ್ಚಿನಲ್ಲಿ ಸೇರಿ ಅಪ್ಪಿಕೊಂಡರು, ಬೆಳಕಾಯಿತು, ಮುಗಿಯಿತು. ಎಲ್ಲರೂ ಮೊದಲೇ ಸತ್ತಿದ್ದರಂತೆ! ಅಣ್ಣ ರಿಮೋಟ್ ಒಗೆದ. ಅವ್ವ ಮಾತ್ರ ಆ ನಾಯಿ ಬಂದು ಮಗ್ಗಲಿಗೆ ಮಲಗಿದಾಗ ಅತ್ತಳು. ಕೊನೆ ಕೆಟ್ಟರೆ ಎಲ್ಲಾ ಕೆಟ್ಟಂತೆ ಅಲ್ವಾ? ಧಾರಾವಾಹಿ ಪ್ರಕಟಿಸುವ ನೀವೇ ಹೇಳಿ."

ತಂಗೀ,

ನಿಮ್ಮ ಪತ್ರ ಬಂದಾಗ ನಾನು ಈ ಸಂಚಿಕೆಯ ಪ್ರೂಫ್ ತಿದ್ದುತ್ತ ಕೂತಿದ್ದೆ. ಪೆನ್ನು ಬದಿಗಿಟ್ಟು ಎರಡು ಸಲ ಓದಿದೆ. ಎಂಟು ತಿಂಗಳು ಮೂರು ಜನ ಒಂದೇ ಹೊತ್ತಿಗೆ, ಒಂದೇ ಕಡೆ ಕೂತು, ಒಂದೇ ಕತೆ ನೋಡಿದ್ದೀರಿ. ಈಗ ಒಂದು ಮನೆಯಲ್ಲಿ ಮೂರು ಜನ ಇದ್ದರೆ ಮೂರು ಮೊಬೈಲ್ ಹಿಡಿದು ಮೂರು ಮೂಲೆಗೆ ಇರುತ್ತಾರೆ. ಅದಕ್ಕೇ ಮೊದಲು ನಿಮಗೊಂದು ಶಹಬ್ಬಾಸ್. ಆಮೇಲೆ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ತಪ್ಪನ್ನು ಮೊದಲು ತಿದ್ದಿಬಿಡೋಣ. ಅವರು ಯಾರೂ ಮೊದಲೇ ಸತ್ತಿರಲಿಲ್ಲ. ವಿಮಾನ ಬಿದ್ದದ್ದು ನಿಜ, ದ್ವೀಪ ನಿಜ, ಅಲ್ಲಿ ಪಟ್ಟ ಪಾಡೂ ನಿಜ. ಆರನೇ ಸೀಸನ್ನಿನಲ್ಲಿ ಪಕ್ಕದಲ್ಲೇ ಇನ್ನೊಂದು ಕತೆ ಓಡುತ್ತದಲ್ಲ, ವಿಮಾನ ಬೀಳದೆ ಲಾಸ್ ಏಂಜಲೀಸ್‌ಗೆ ಸುಖವಾಗಿ ಇಳಿದ ಕತೆ, ಅದಷ್ಟೇ ಸಾವಿನ ಆಚೆಯದು. ಚರ್ಚ್ ಇರುವುದು ಅಲ್ಲಿ. ಕತೆಯ ನಾಯಕ ಜ್ಯಾಕ್‌ನ ಅಪ್ಪ ಮಗನಿಗೆ ಇದನ್ನು ಬಿಡಿಸಿಯೇ ಹೇಳುತ್ತಾನೆ. ನಿನಗೆ ಆದದ್ದೆಲ್ಲ ನಿಜ, ಎಲ್ಲರೂ ಒಂದು ದಿನ ಸಾಯುವವರೇ, ಇಲ್ಲಿರುವವರಲ್ಲಿ ಕೆಲವರು ನಿನಗಿಂತ ಮೊದಲು ಹೋದರು, ಕೆಲವರು ಎಷ್ಟೋ ಕಾಲದ ಮೇಲೆ ಹೋದರು ಅಂತ.

ಈ ತಪ್ಪು ನಿಮ್ಮೊಬ್ಬರದೇ ಅಲ್ಲ. 2010ರ ಮೇ 23ರಂದು ಅಮೆರಿಕದಲ್ಲಿ ಕೊನೆಯ ಕಂತನ್ನು 1 ಕೋಟಿ 30 ಲಕ್ಷಕ್ಕೂ ಜಾಸ್ತಿ ಜನ ನೋಡಿದರು. ಅವರಲ್ಲೂ ಎಷ್ಟೋ ಜನ ಹೀಗೇ ತಿಳಿದರು. ಅದಕ್ಕೊಂದು ಕಾರಣವೂ ಇತ್ತು. ಕತೆ ಮುಗಿದು ಹೆಸರುಗಳು ಬರುವಾಗ ಎಬಿಸಿ ಚಾನೆಲ್‌ನವರು ಸಮುದ್ರ ದಂಡೆಯಲ್ಲಿ ಬಿದ್ದ ವಿಮಾನದ ತುಂಡುಗಳನ್ನು ತೋರಿಸಿದರು. ಒಂದು ನರಪಿಳ್ಳೆಯೂ ಇಲ್ಲದ ದಂಡೆ. ನೋಡಿದವರು, ಓಹೋ, ಇಲ್ಲಿ ಯಾರೂ ಬದುಕಿರಲೇ ಇಲ್ಲ ಅಂದುಕೊಂಡರು. ಅದು ಕತೆಯ ಭಾಗವಲ್ಲ, ಸುದ್ದಿ ಶುರುವಾಗುವ ಮೊದಲು ನೋಡುಗರಿಗೆ ಸ್ವಲ್ಪ ಪುರುಸೊತ್ತು ಸಿಗಲಿ ಅಂತ ಹಾಕಿದ್ದು ಎಂದು ಚಾನೆಲ್‌ನವರು ಆಮೇಲೆ ಹೇಳಬೇಕಾಯಿತು.

ಇನ್ನು ನಿಮ್ಮ ನೋಟ್‌ಬುಕ್. ಒಗಟು ಹಾಕಿದವರು ಅದನ್ನು ಬಿಡಿಸಲೂಬೇಕು, ಇದು ನ್ಯಾಯದ ಮಾತು. ನಾವು ಚಿಕ್ಕವರಿದ್ದಾಗ ಒಗಟಿಗೆ ಉತ್ತರ ಬರದಿದ್ದರೆ ಸೋತವರು ಒಂದು ಊರು ಕೊಡಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರನ್ನೂ ನಾನು ನಮ್ಮಕ್ಕನಿಗೆ ಕೊಟ್ಟಿದ್ದೇನೆ. ಊರು ಇಸಕೊಂಡ ಮೇಲೆ ಅವಳು ಉತ್ತರ ಹೇಳಲೇಬೇಕು. 'ಲಾಸ್ಟ್' ಮಾಡಿದವರು ಕೆಲವು ಊರು ಇಸಕೊಂಡು ಸುಮ್ಮನಾದರು. ವಾಲ್ಟ್ ಎಂಬ ಹುಡುಗನ ಸುತ್ತ ದೊಡ್ಡ ಗುಟ್ಟು ಕಟ್ಟಿ ಅರ್ಧಕ್ಕೆ ಬಿಟ್ಟರು. ಮೊದಲ ಸೀಸನ್ನಿನ ಕತೆ ದ್ವೀಪದಲ್ಲಿ ನಡೆಯುವುದು ಬರೀ ಒಂದೂವರೆ ತಿಂಗಳು. ಆದರೆ ಆ ಪಾತ್ರ ಮಾಡಿದ ಹುಡುಗ ನೋಡನೋಡುತ್ತ ಎತ್ತರ ಬೆಳೆದುಬಿಟ್ಟ. ಇನ್ನೊಂದು, 2004ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕತೆ ಎಲ್ಲಿ ನಿಲ್ಲಬೇಕು ಅನ್ನುವುದು 2007ರ ಮೇವರೆಗೂ ತೀರ್ಮಾನ ಆಗಿರಲಿಲ್ಲ. ಆಗ ಧಾರಾವಾಹಿ ನಡೆಸುತ್ತಿದ್ದ ಡೇಮನ್ ಲಿಂಡೆಲಾಫ್, ಕಾರ್ಲ್ಟನ್ ಕ್ಯೂಸ್ ಇಬ್ಬರೂ ಹಟ ಹಿಡಿದು, ಇನ್ನು 48 ಕಂತು, 2010ಕ್ಕೆ ಮುಕ್ತಾಯ ಅಂತ ಚಾನೆಲ್ ಒಪ್ಪುವ ಹಾಗೆ ಮಾಡಿದರು. ಅಲ್ಲಿಯವರೆಗೆ ಕತೆ ಕೆಲವು ಕಡೆ ಎಳೆದದ್ದು ನೋಡಿದವರಿಗೆ ಗೊತ್ತಾಗುತ್ತದೆ. ಇಷ್ಟು ನಿಮ್ಮ ಕಡೆ.

ಈಗ ನಾನು ಹೇಳುವುದನ್ನು ಕೇಳಿ.

ಎಷ್ಟೋ ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಸಾಹುಕಾರನೊಬ್ಬನ ಕೊಲೆ. ಮನೆಗೆಲಸದ ಹುಡುಗಿ ಅದನ್ನು ಕಣ್ಣಾರೆ ಕಂಡು ರಾತ್ರೋರಾತ್ರಿ ಓಡಿಹೋಗುತ್ತಾಳೆ. ಮೂರು ಕಂತು ಬಾಕಿ ಇರುವಾಗ ಬರೆಯುವವರು ಹಾಸಿಗೆ ಹಿಡಿದರು. ಎರಡು ತಿಂಗಳು ಧಾರಾವಾಹಿ ನಿಂತಿತು. ಕಾರ್ಡಿನ ಮೇಲೆ ಕಾರ್ಡು ಬಂದವು. ತಮ್ಮನೇ ಕೊಂದಿರಬೇಕು, ಅಲ್ಲ ಗುಮಾಸ್ತನೇ, ಅಲ್ಲ ಡಾಕ್ಟರೇ ಅಂತ ಜನ ತಾವೇ ತನಿಖೆ ಶುರು ಮಾಡಿದರು.

ಒಂದಿನ ಮಧ್ಯಾಹ್ನ ಕಚೇರಿಗೆ ಒಬ್ಬ ಅಜ್ಜ ಬಂದರು. ಧೋತರ, ಬಿಳಿ ಪಟಗ, ಕೈಯಲ್ಲೊಂದು ಬಟ್ಟೆ ಚೀಲ. ಬಸವನ ಬಾಗೇವಾಡಿ ಕಡೆಯ ಹಳ್ಳಿಯವರು. ಅವರಿಗೆ ಓದಲು ಬರುತ್ತಿರಲಿಲ್ಲ, ಮೊಮ್ಮಗಳು ಓದಿ ಹೇಳುತ್ತಿದ್ದಳಂತೆ. ನೀರು ಕುಡಿದು, ಚೀಲದಿಂದ ನಮ್ಮ ಹಳೆಯ ಸಂಚಿಕೆ ತೆಗೆದರು. ಮುಖಪುಟದ ಮೇಲೆ ಎಣ್ಣೆ ಕಲೆ. ಧಾರಾವಾಹಿಯ ಪುಟಕ್ಕೆ ಗುರುತು ಅಂತ ಒಣಗಿದ ಜೋಳದ ಎಲೆಯ ತುಂಡೊಂದು ಇತ್ತು. ಕೊಲೆಗಾರನ ಹೆಸರು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಕೊಂದಾಂವ ಯಾರರ ಇರಲಿ ಬಿಡ್ರಿ ಸಾಹೇಬ್ರ, ಅದು ಪೊಲೀಸರು ನೋಡ್ಕೋತಾರ. ಆ ಹುಡುಗಿ ಮನಿ ಮುಟ್ಟಿದಳಾ? ಅಷ್ಟ ಹೇಳ್ರಿ."

ನನಗೂ ಗೊತ್ತಿರಲಿಲ್ಲ. ಸಂಜೆ ಬರೆಯುವವರ ಮನೆಗೆ ಹೋಗಿ ಕೇಳಿಕೊಂಡು ಬಂದು, ಮುಟ್ಟುತ್ತಾಳೆ ಅಂತ ಅಜ್ಜನಿಗೆ ಕಾರ್ಡು ಹಾಕಿದೆ. ಆಮೇಲೆ ಆ ಮೂರು ಕಂತೂ ಬಂದವು. ಕೊಂದವನು ಯಾರು ಅಂತಲೂ ಬಂತು. ಯಾರು ಅನ್ನುವುದು ಇವತ್ತು ನನಗೆ ನೆನಪಿಲ್ಲ. ಆ ಹುಡುಗಿ ಹೊಲದ ಬದುವಿನ ಮೇಲೆ ನಿಂತು ದೂರದಲ್ಲಿ ತಮ್ಮ ಮನೆಯ ದೀಪ ಕಂಡದ್ದು ನೆನಪಿದೆ.

'ಲಾಸ್ಟ್'ನ ಕೊನೆಯ ಕಂತು ಉತ್ತರ ಕೊಟ್ಟದ್ದು ಆ ಅಜ್ಜನ ಪ್ರಶ್ನೆಗೆ, ತಂಗೀ. ಮೊಟ್ಟಮೊದಲ ಕಂತು ನೆನಪು ಮಾಡಿಕೊಳ್ಳಿ. ಜ್ಯಾಕ್‌ನ ಕಣ್ಣು ತೆರೆಯುತ್ತದೆ. ಸುತ್ತ ಬಿದಿರು ಮೆಳೆ. ವಿನ್ಸೆಂಟ್ ಎಂಬ ಆ ನಾಯಿ ಹಾದು ಓಡುತ್ತದೆ. ಒಂದು ಬಿದಿರಿಗೆ ಬಿಳಿ ಬೂಟು ತೂಗುಬಿದ್ದಿದೆ. ಕೊನೆಯಲ್ಲಿ ಅದೇ ಜ್ಯಾಕ್ ಗಾಯ ಒತ್ತಿ ಹಿಡಿದು, ತಡವರಿಸುತ್ತ ಅದೇ ಮೆಳೆಗೆ ಬರುತ್ತಾನೆ. ಬೂಟು ಇನ್ನೂ ಅಲ್ಲೇ ಇದೆ, ಮಳೆ ಬಿಸಿಲಿಗೆ ಮಾಸಿಹೋಗಿದೆ. ಎದ್ದ ಜಾಗದಲ್ಲೇ ಮಲಗುತ್ತಾನೆ. ನಾಯಿ ಬಂದು ಮಗ್ಗಲಿಗೆ ಒರಗುತ್ತದೆ. ಮೇಲೆ ವಿಮಾನ ಹಾರಿ ಹೋಗುತ್ತದೆ. ಅದರಲ್ಲಿ ಅವನ ಜೊತೆಯವರು, ಕೇಟ್ ಇದ್ದಾಳೆ, ಸಾಯರ್ ಇದ್ದಾನೆ, ಕ್ಲೇರ್ ಇದ್ದಾಳೆ. ಅವರು ಹೊರಟರು ಅನ್ನುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಆಮೇಲೆ ಕಣ್ಣು ಮುಚ್ಚುತ್ತಾನೆ. ಚರ್ಚಿನ ಹೊರಗೆ ಕಲ್ಲುಬೆಂಚಿನ ಮೇಲೆ ಬೆನ್ ಒಬ್ಬನೇ ಕೂತಿರುತ್ತಾನಲ್ಲ, ಅದನ್ನೂ ಗಮನಿಸಿದಿರಾ? ತಾನು ಕೊಂದ ಲಾಕ್‌ನ ಹತ್ತಿರವೇ ಕ್ಷಮೆ ಕೇಳುತ್ತಾನೆ, ಲಾಕ್ ಕ್ಷಮಿಸುತ್ತಾನೆ. ಆದರೂ ಅವನು ಒಳಗೆ ಹೋಗುವುದಿಲ್ಲ. ಹರ್ಲಿ ಬಂದು ಕರೆದರೂ ಹೋಗುವುದಿಲ್ಲ. ಇನ್ನೂ ತನ್ನ ಹೊತ್ತು ಬಂದಿಲ್ಲ ಅನ್ನುವುದು ಅವನಿಗೆ ಗೊತ್ತಿದೆ. ಕರಿ ಹೊಗೆ ಏನು ಅನ್ನುವುದಕ್ಕಿಂತ ಇದು ಸಣ್ಣ ಉತ್ತರ ಅಂತ ನನಗೆ ಅನಿಸುವುದಿಲ್ಲ.

ಉತ್ತರ ಸಿಕ್ಕರೆ ನೋಡುಗರು ಖುಷಿಯಾಗುತ್ತಾರೆ ಅನ್ನುವುದೂ ಅಷ್ಟು ಸಲೀಸಲ್ಲ. 1990ರಲ್ಲಿ 'ಟ್ವಿನ್ ಪೀಕ್ಸ್' ಧಾರಾವಾಹಿ ಬಂದಾಗ ಲಾರಾ ಪಾಮರ್‌ಳನ್ನು ಕೊಂದವರು ಯಾರು ಅನ್ನುವುದೇ ಅಮೆರಿಕದ ಮನೆಮನೆಯ ಮಾತಾಗಿತ್ತು. ಅದನ್ನು ಹೇಳಿಬಿಡುವ ಮನಸ್ಸು ಧಾರಾವಾಹಿ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್‌ಗೆ ಇರಲಿಲ್ಲ. ಚಾನೆಲ್‌ನ ಒತ್ತಾಯಕ್ಕೆ ಎರಡನೇ ಸೀಸನ್ನಿನ ನಡುವೆ ಹೇಳಬೇಕಾಯಿತು. ಆಮೇಲೆ ನೋಡುಗರು ಕರಗುತ್ತ ಹೋಗಿ 1991ರ ಜೂನ್‌ಗೆ ಧಾರಾವಾಹಿಯೇ ನಿಂತಿತು. ಇದಕ್ಕೆ ತದ್ವಿರುದ್ಧ 'ದಿ ಫ್ಯುಗಿಟಿವ್'. 1967ರ ಆಗಸ್ಟ್ 29ರಂದು ಅದರ ಕೊನೆಯ ಕಂತನ್ನು ಸುಮಾರು 7 ಕೋಟಿ 80 ಲಕ್ಷ ಜನ ನೋಡಿದರು, ಮೆಚ್ಚಿದರು. ಆದರೆ ಕೊಲೆಯ ಆರೋಪ ಹೊತ್ತು ತಲೆತಪ್ಪಿಸಿಕೊಂಡ ಅದರ ನಾಯಕ ಡಾಕ್ಟರ್ ಕಿಂಬಲ್ ಹೆಂಡತಿಯನ್ನು ಕೊಂದವನಲ್ಲ ಅಂತ ಅವರಿಗೆಲ್ಲ ಮೊದಲ ದಿನದಿಂದಲೂ ಗೊತ್ತಿತ್ತು. ನಾಲ್ಕು ವರ್ಷ ಕದ್ದು ಓಡಾಡಿದ ಆ ಮನುಷ್ಯ ಇನ್ನಾದರೂ ಹೆದರದೆ ಬೀದಿಯಲ್ಲಿ ನಡೆಯುತ್ತಾನಾ ಅಂತ ನೋಡಲು ಕೂತಿದ್ದರು. ಅವರೂ ಆ ಅಜ್ಜನ ಕಡೆಯವರೇ.

ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಂಗ್ಯಾ ಸಾಯುತ್ತಾನೆ ಅಂತ ಗೊತ್ತಿದ್ದೇ ನಮ್ಮ ಜನ ಬೆಳತನಕ ಕೂತು 'ಸಂಗ್ಯಾ ಬಾಳ್ಯಾ' ನೋಡುತ್ತಾರೆ. ಹರದೇಶಿ ನಾಗೇಶಿ ಹಾಡಿಕೆ ಕೇಳಿದ್ದೀರಾ? ನಾನು ಮೊದಲ ಸಲ ಕೇಳಿದಾಗ ಏಳೆಂಟು ವರ್ಷದವನು. ಅಪ್ಪನ ಕಂಬಳಿಯೊಳಗೆ ಮುದುಡಿಕೊಂಡು ಕೂತಿದ್ದೆ. ರಾತ್ರಿಯಿಡೀ ಡಪ್ಪು, ತುಂತುಣಿ. ಈ ಮೇಳ ಶಿವ ದೊಡ್ಡವ ಅಂದರೆ ಆ ಮೇಳ ಶಕ್ತಿ ದೊಡ್ಡವಳು ಅನ್ನುತ್ತಿತ್ತು. ಇವರು ಪ್ರಶ್ನೆ ಎಸೆದರೆ ಅವರು ಪದ ಕಟ್ಟಿ ತಿರುಗಿ ಎಸೆಯುತ್ತಿದ್ದರು. ಬೆಳಕು ಹರಿಯಿತು, ಮಂಗಳ ಹಾಡಿ ಮುಗಿಸಿದರು. ಅಪ್ಪ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ಅಪ್ಪಾ, ಯಾರ್ ಗೆದ್ದರು?" ಅಂದೆ. ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. "ಏನ್ ಹಾಡಿದರಪಾ!" ಅಂದರು. ಮನೆ ಮುಟ್ಟುವ ತನಕ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು.

ಈಗ ನನ್ನ ಸಂಕಟ ಹೇಳಿಬಿಡುತ್ತೇನೆ. ನಮ್ಮ ಊರುಗಳ ವಾಚನಾಲಯಕ್ಕೆ ಹೋಗಿ ನೋಡಿ. ಕುರ್ಚಿ ಖಾಲಿ ಇರುವುದಿಲ್ಲ, ಸಂತೋಷವೇ. ಆದರೆ ಪ್ರತಿ ಮಗುವಿನ ಮುಂದೆಯೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ನಾಲ್ಕು ಆಯ್ಕೆ, ಒಂದೇ ಸರಿ, ತಪ್ಪಿದರೆ ಅಂಕ ಕಡಿತ. ಪರೀಕ್ಷೆ ಮುಗಿದ ಸಂಜೆಯೇ ಕೀ ಉತ್ತರ ಹುಡುಕಾಟ. ಆ ಮಕ್ಕಳನ್ನು ನಾನು ಬೈಯಲಾರೆ, ನೌಕರಿ ಬೇಕು, ಮನೆಯಲ್ಲಿ ಕಾಯುತ್ತಿದ್ದಾರೆ. ಆದರೆ ಕತೆಗೂ ಕೀ ಉತ್ತರ ಕೇಳುವ ರೂಢಿ ಅಲ್ಲಿಂದಲೇ ಬಂದಿದೆ. 'ಈ ಕತೆ ಏನು ಹೇಳುತ್ತದೆ, ಒಂದೇ ಸಾಲಿನಲ್ಲಿ ತಿಳಿಸಿ' ಅಂತ ನನಗೆ ತಿಂಗಳಿಗೆ ಹತ್ತು ಮೆಸೇಜ್ ಬರುತ್ತವೆ. ಸಿನಿಮಾ ನೋಡುವ ಮೊದಲೇ ಅದರ ಕೊನೆಯನ್ನು ವಿವರಿಸುವ ವಿಡಿಯೋ ನೋಡುತ್ತಾರೆ, ಅದನ್ನೂ ಓಡಿಸಿ ಓಡಿಸಿ.

ಇನ್ನು ನಮ್ಮ ಟಿವಿ ಧಾರಾವಾಹಿಗಳು. ಅಲ್ಲಿ ನೀವು ರಿಮೋಟ್ ಒಗೆದರೆ ನಾನು ಒಂದು ಮಾತೂ ಆಡುವುದಿಲ್ಲ. ವರ್ಷಗಟ್ಟಲೆ ಎಳೆದು, ಟಿಆರ್‌ಪಿ ಬಿದ್ದ ಕೂಡಲೇ ಒಂದು ವಾರದಲ್ಲಿ ಗಂಟುಮೂಟೆ ಕಟ್ಟಿಬಿಡುತ್ತಾರೆ. ಕಳೆದುಹೋದ ಮಗಳು ಸೋಮವಾರ ಸಿಗುತ್ತಾಳೆ, ವಿಲನ್ ಬುಧವಾರ ಕಾಲಿಗೆ ಬೀಳುತ್ತಾನೆ, ಶುಕ್ರವಾರ ಎಲ್ಲರೂ ಸಾಲಾಗಿ ನಿಂತು ಕೈ ಮುಗಿಯುತ್ತಾರೆ. ಒಂದು ಪಾತ್ರದ ಜೊತೆ ಅಷ್ಟು ವರ್ಷ ದಿನಾ ರಾತ್ರಿ ಕೂತ ನಮ್ಮ ಅತ್ತೆಯಂದಿರಿಗೆ, ಚಿಕ್ಕಮ್ಮಂದಿರಿಗೆ ಇದು ಮಾಡುವ ಅವಮಾನ. ಮೂರು ವರ್ಷ ಮೊದಲೇ ಕೊನೆಯ ದಿನ ಗೊತ್ತು ಮಾಡಿಕೊಂಡು, ಮೊದಲ ದೃಶ್ಯದ ಬೂಟನ್ನು ಕೊನೆಯವರೆಗೂ ಮರೆಯದೆ ಬಂದವರನ್ನು ಇಂಥವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಣ್ಣನಿಗೆ ನನ್ನ ಪರವಾಗಿ ಹೇಳಿ, ಅವರು ಸಿಟ್ಟಾದದ್ದು ನನಗೆ ಇಷ್ಟವೇ ಆಯಿತು. ಎಂಟು ತಿಂಗಳು ಮನಸ್ಸು ಕೊಟ್ಟವರೇ ಹಾಗೆ ಸಿಟ್ಟಾಗುವುದು. ನಿಮ್ಮ ಮೇಲೆ ಮಾತ್ರ ನನ್ನದೊಂದು ತಕರಾರು ಇದೆ. ನೋಟ್‌ಬುಕ್ಕಿಗೆ ಅಷ್ಟು ಜಾಗ ಕೊಟ್ಟು ಅವ್ವನಿಗೆ ಒಂದೇ ಸಾಲು ಕೊಟ್ಟಿರಿ. ನಾಯಿ ಬಂದು ಮಲಗಿದಾಗ ಅವರು ಯಾಕೆ ಅತ್ತರು ಅಂತ ನೀವು ಕೇಳಿದಿರಾ? ಇವತ್ತು ರಾತ್ರಿ ಊಟ ಆದ ಮೇಲೆ ಆ ಕೊನೆಯ ಹತ್ತು ನಿಮಿಷ ಇನ್ನೊಂದು ಸಲ ಹಾಕಿ. ಮುಗಿದ ಮೇಲೆ ಟಿವಿ ಆರಿಸಿ ಸುಮ್ನೆ ಅವರ ಹತ್ತಿರ ಕೂತು ಕೇಳಿ. ಅವರು ಏನಂದರೋ ಅದನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದು ಕಳಿಸಿ. 20ನೇ ತಾರೀಕಿನೊಳಗೆ ನನ್ನ ಕೈ ಸೇರಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಜಾಗ ಬಿಟ್ಟಿರುತ್ತೇನೆ.

ಸಂಪಾದಕ, ವಿಜಯಪುರ