ಹೆವಿ ಮಷಿನ್ ಆಪರೇಟರ್ ಕೆಲಸ ಅಂದ್ರೆ ಕೂತು ಲಿವರ್ ಎಳೆಯೋದಷ್ಟೇನಾ?

ನೀವು ಒಂದೇ ಉಸಿರಿಗೆ ಮೂರು ವಿಷಯ ಕೇಳಿದ್ದೀರಿ. ಕ್ಯಾಬಿನ್‌ನಲ್ಲಿ ಕೂತು ಲಿವರ್ ಎಳೆಯೋ ಕೆಲಸದಲ್ಲಿ ಕಷ್ಟ ಏನಿದೆ, ಕಲಿಯೋಕೆ ಎಷ್ಟು ಕಾಲ ಬೇಕು, ಮುಂದೆ ಮಷಿನ್‌ಗಳು ತಾವೇ ಕೆಲಸ ಮಾಡೋ ಹಾಗಾದರೆ ಆಪರೇಟರ್ ಗತಿ ಏನು ಅಂತ. ನಾನು ಜಾಸ್ತಿ ಓಡಿಸಿರುವುದು ಎಕ್ಸ್‌ಕವೇಟರ್, ಅಂದರೆ ಉಕ್ಕಿನ ಚೈನ್ ಪಟ್ಟಿಯ ಮೇಲೆ ನಡೆಯುವ, ಮೇಲ್ಭಾಗ ಸುತ್ತ ತಿರುಗುವ ಅಗೆಯೋ ಮಷಿನ್. ಬ್ಯಾಕ್‌ಹೋ ಲೋಡರ್, ಮುಂದಿನ ಬ್ಲೇಡ್‌ನಿಂದ ಮಣ್ಣು ತಳ್ಳುವ ಡೋಜರ್ ಮೇಲೂ ಕೂತಿದ್ದೇನೆ. ಆದರೂ ನನ್ನ ಮಾತು ಎಕ್ಸ್‌ಕವೇಟರ್ ಕಡೆಗೇ ವಾಲುತ್ತದೆ, ಸ್ವಲ್ಪ ಹೊಂದಿಸಿಕೊಂಡು ಓದಿ.

ಲಿವರ್ ಕೈಗೆ ಹತ್ತುವುದು ಬೇಗ. ಕೆಲವು ವಾರ ಕೂತರೆ ಬಕೆಟ್ ತುಂಬಿಸಿ ಪಕ್ಕಕ್ಕೆ ಸುರಿಯುವುದು ಹೆಚ್ಚುಕಮ್ಮಿ ಎಲ್ಲರಿಗೂ ಬರುತ್ತದೆ. ಎಲ್ಲಿ ಕೈ ತಡೆಯಬೇಕು, ಯಾವಾಗ ಮಷಿನ್ ನಿಲ್ಲಿಸಿ ಕೆಳಗೆ ಇಳಿದು ನೋಡಬೇಕು ಅನ್ನುವುದು ತಿಳಿಯೋಕೆ ಮಾತ್ರ ವರ್ಷಗಳು ಹಿಡಿಯುತ್ತವೆ. ಸಂಬಳ ಕೊಡುವವರು ಎಷ್ಟು ಅಗೆದೆ ಅಂತ ನೋಡುತ್ತಾರೆ. ಜೊತೆಗೆ ಕೆಲಸ ಮಾಡುವವರು ನೀವು ಯಾವಾಗ ನಿಲ್ಲಿಸುತ್ತೀರಿ ಅಂತ ನೋಡುತ್ತಾರೆ.

ಮೊದಲು ಕೈಕೆಲಸದ ವಿಷಯ. ಕ್ಯಾಬಿನ್ ಪಕ್ಕದಿಂದ ಏಳುವ ದೊಡ್ಡ ತೋಳು ಬೂಮ್, ಅದರ ತುದಿಗೆ ಜೋಡಿಸಿದ ಎರಡನೇ ತೋಳು ಆರ್ಮ್, ಅದರ ಕೊನೆಗೆ ಬಕೆಟ್. ಎಡಗೈ ಲಿವರ್ ಮುಂದೆ ಹಿಂದೆ ಮಾಡಿದರೆ ಆರ್ಮ್ ಚಾಚುತ್ತದೆ, ಒಳಗೆ ಬರುತ್ತದೆ. ಅದನ್ನೇ ಎಡಕ್ಕೆ ಬಲಕ್ಕೆ ಮಾಡಿದರೆ ಕ್ಯಾಬಿನ್ ಸಮೇತ ಮೇಲ್ಭಾಗ ಪೂರ್ತಿ ತಿರುಗುತ್ತದೆ. ಬಲಗೈ ಲಿವರ್ ಮುಂದಕ್ಕೆ ತಳ್ಳಿದರೆ ಬೂಮ್ ಇಳಿಯುತ್ತದೆ, ಹಿಂದಕ್ಕೆ ಎಳೆದರೆ ಏಳುತ್ತದೆ. ಎಡಕ್ಕೆ ಬಲಕ್ಕೆ ಮಾಡಿದರೆ ಬಕೆಟ್ ಮಡಚುತ್ತದೆ, ಬಿಚ್ಚುತ್ತದೆ. ಲಿವರ್‌ಗಳ ಈ ಹಂಚಿಕೆಗೆ ಐಎಸ್‌ಒ ಪ್ಯಾಟರ್ನ್ ಅನ್ನುತ್ತಾರೆ. ಎಸ್‌ಎಇ ಪ್ಯಾಟರ್ನ್ ಅಂತ ಇನ್ನೊಂದಿದೆ. ಅದರಲ್ಲಿ ಬೂಮ್ ಎಡಗೈಗೆ, ಆರ್ಮ್ ಬಲಗೈಗೆ. ಎಷ್ಟೋ ಮಷಿನ್‌ಗಳಲ್ಲಿ ಒಂದು ವಾಲ್ವ್ ತಿರುಗಿಸಿ ಇದನ್ನು ಬದಲಿಸಬಹುದು. ಹಾಗಾಗಿ ನಿನ್ನೆ ಯಾರು ಕೂತಿದ್ದರು ಅಂತ ಗೊತ್ತಿಲ್ಲದ ಮಷಿನ್ ಹತ್ತಿದರೆ ಇಂಜಿನ್ ಸ್ಪೀಡ್ ಕಡಿಮೆ ಇಟ್ಟು, ಒಂದೊಂದೇ ಲಿವರ್ ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಅಭ್ಯಾಸವಾದ ಕೈ ತಲೆಯ ಮಾತು ಕೇಳೋದಿಲ್ಲ.

ನಿಜವಾದ ಪರೀಕ್ಷೆ ಲೆವೆಲ್ ಮಾಡುವುದು. ಆರ್ಮ್ ಪೂರ್ತಿ ಚಾಚಿ ಬಕೆಟ್ ಅನ್ನು ನೆಲದ ಮೇಲೆ ನಿಮ್ಮ ಕಡೆಗೆ ಎಳೆಯುತ್ತೀರಿ ಅಂದುಕೊಳ್ಳಿ. ಆರ್ಮ್ ಒಳಗೆ ಬರುತ್ತಾ ಬರುತ್ತಾ ಬಕೆಟ್‌ನ ತುದಿ ಬಾಗಿದ ದಾರಿಯಲ್ಲಿ ಕೆಳಗೆ ಇಳಿಯುತ್ತದೆ. ಅದು ನೆಲಕ್ಕೆ ಕಚ್ಚದಿರಲು ಬೂಮ್ ಅನ್ನು ಕೂದಲೆಳೆಯಷ್ಟು ಎತ್ತುತ್ತಾ ಇರಬೇಕು. ಆರ್ಮ್ ನೇರ ನಿಂತ ಮೇಲೆ ಲೆಕ್ಕ ತಿರುಗುಮುರುಗು. ಈಗ ತುದಿ ಮೇಲಕ್ಕೆ ಹೋಗುತ್ತದೆ, ಬೂಮ್ ಇಳಿಸುತ್ತಾ ಬರಬೇಕು. ಇದರ ನಡುವೆ ಬಕೆಟ್‌ನ ಕೋನವನ್ನೂ ಸರಿಮಾಡಿಕೊಳ್ಳುತ್ತಾ ಇರಬೇಕು. ಮೂರು ಚಲನೆ ಒಟ್ಟಿಗೆ ನಡೆಯಬೇಕು, ಯಾವುದೂ ಜರ್ಕ್ ಹೊಡೆಯಬಾರದು. ಹೊಸಬರು ಲೆವೆಲ್ ಮಾಡಿದ ನೆಲದಲ್ಲಿ ಅಲೆಗಳು ಕಾಣುತ್ತವೆ. ಆರ್ಮ್ ನೇರ ಆಗುವ ಜಾಗದಲ್ಲಿ ಒಂದು ಗುಂಡಿ ಅಂತೂ ಇದ್ದೇ ಇರುತ್ತದೆ. ಒಂದು ದಿನ ಅದು ಸುಮ್ನೆ ಮಾಯವಾಗುತ್ತದೆ. ಹೇಗೆ ಹೋಯಿತು ಅಂತ ಕೇಳಿದರೆ ಯಾರಿಗೂ ಹೇಳೋಕೆ ಬರೋದಿಲ್ಲ.

ಆಮೇಲೆ ಕಿವಿ ಪಳಗುತ್ತದೆ. ಬಕೆಟ್ ಗಟ್ಟಿ ಕಲ್ಲಿಗೆ ಸಿಕ್ಕಿ ಮುಂದೆ ಹೋಗದಿದ್ದಾಗ ಹೈಡ್ರಾಲಿಕ್ ಎಣ್ಣೆ (ಒತ್ತಡದಿಂದ ತೋಳುಗಳನ್ನು ಆಡಿಸುವ ಎಣ್ಣೆ) ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದಾಗ ತೆರೆಯುವ ವಾಲ್ವ್, ದಾಟುವಾಗ ಒಂದು ಕೀರಲು ಸದ್ದು ಬರುತ್ತದೆ. ಆ ಸದ್ದು ಕೇಳಿಸಿಕೊಂಡೇ ಲಿವರ್ ಹಿಡಿದು ಕೂರುವವನು ಡೀಸೆಲ್ ಸುಡುತ್ತಾ ಎಣ್ಣೆ ಕಾಯಿಸುತ್ತಿದ್ದಾನೆ ಅಷ್ಟೇ. ಕಲ್ಲು ಅಲ್ಲಾಡಿರೋದಿಲ್ಲ. ಪಕ್ಕಕ್ಕೆ ಬಂದು, ಬಿರುಕು ಹುಡುಕಿ, ಬಕೆಟ್‌ನ ಹಲ್ಲು ಅಲ್ಲಿಗೆ ಕೊಟ್ಟರೆ ಅದೇ ಕಲ್ಲು ಎದ್ದು ಬರುತ್ತದೆ. ಒಳ್ಳೆ ಆಪರೇಟರ್ ಕೆಲಸ ಮಾಡುವ ಜಾಗದಲ್ಲಿ ಸದ್ದು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಬಕೆಟ್ ಅನ್ನು ಢಣ್ ಅಂತ ನೆಲಕ್ಕೆ ಬಡಿಯುವವರನ್ನು ನೋಡಿ ವೇಗ ಅಂದುಕೊಳ್ಳಬೇಡಿ.

ನಿಲ್ಲಿಸುವುದು ಅಂತ ಹೇಳಿದೆನಲ್ಲ, ಅದಕ್ಕೆ ಒಂದು ಉದಾಹರಣೆ. ಗಟ್ಟಿ ಮಣ್ಣು ಅಗೆಯುತ್ತಾ ಹೋಗುತ್ತಿದ್ದೀರಿ. ಇದ್ದಕ್ಕಿದ್ದಂತೆ ಬಕೆಟ್ ಸಲೀಸಾಗಿ ಇಳಿಯುತ್ತದೆ. ಮಣ್ಣಿನ ಬಣ್ಣ ಬದಲಾಗಿದೆ, ಸಡಿಲವಾಗಿದೆ, ಅಥವಾ ನಯವಾದ ಮರಳು ಬಂದಿದೆ. ಹೊಸಬನಿಗೆ ಖುಷಿ, ಕೆಲಸ ಹಗುರಾಯಿತು ಅಂತ. ಅನುಭವ ಇರುವವನ ಕೈ ಅಲ್ಲೇ ನಿಲ್ಲುತ್ತದೆ. ಏಕೆಂದರೆ ಅಲ್ಲಿ ಹಿಂದೆ ಯಾರೋ ಅಗೆದು ಮುಚ್ಚಿರಬಹುದು. ಕೇಬಲ್, ಪೈಪ್ ಹಾಕುವಾಗ ಸುತ್ತ ಮರಳು ತುಂಬುವುದು ರೂಢಿ. ಕೆಲವು ಕಡೆ ಮೇಲೆ ಪ್ಲಾಸ್ಟಿಕ್ ಎಚ್ಚರಿಕೆ ಪಟ್ಟಿಯೂ ಇರುತ್ತದೆ. ಹಲ್ಲಿಗೆ ಆ ಪಟ್ಟಿಯ ಚೂರು ಸಿಕ್ಕಿದರೂ ಸಾಕು, ಇನ್ನು ಮುಂದಿನದು ಸಲಿಕೆಯ ಕೆಲಸ. ನಕ್ಷೆಯಲ್ಲಿ ಇಲ್ಲ, ಅಗಿ ಅಂತ ಮೇಲಿನವರು ಹೇಳಬಹುದು. ನಕ್ಷೆ ಬರೆದವರು ಆ ಬಕೆಟ್ ಹಿಂದೆ ಕೂತಿರೋದಿಲ್ಲ.

ಆಳದ ಟ್ರೆಂಚ್, ಅಂದರೆ ಉದ್ದ ಕಿರಿದಾದ ಕಾಲುವೆಯಂಥ ಗುಂಡಿ, ಇನ್ನೊಂದು. ಒಂದು ಘನ ಮೀಟರ್ ಮಣ್ಣು ಅಂದರೆ ಸುಮಾರು ಒಂದೂವರೆ ಟನ್, ಒದ್ದೆ ಇದ್ದರೆ ಇನ್ನೂ ಜಾಸ್ತಿ. ಗೋಡೆ ಕುಸಿದರೆ ಒಳಗೆ ಇರುವವನಿಗೆ ಸೊಂಟದವರೆಗೆ ಮುಚ್ಚಿದರೂ ತಾನಾಗಿ ಹೊರಬರೋಕೆ ಆಗೋದಿಲ್ಲ. ಅಮೆರಿಕದ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ 5 ಅಡಿ ಅಥವಾ ಅದಕ್ಕಿಂತ ಆಳದ ಟ್ರೆಂಚ್‌ಗೆ, ಗಟ್ಟಿ ಬಂಡೆ ಆಗಿರದಿದ್ದರೆ, ಗೋಡೆಗೆ ಆಸರೆ ಅಥವಾ ಇಳಿಜಾರು ಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 2 ಅಡಿ ದೂರ ಹಾಕಬೇಕು. ಅಗೆಯುವವನಿಗೆ ಮಣ್ಣು ಪಕ್ಕದಲ್ಲೇ ಸುರಿದುಬಿಡುವುದು ಸುಲಭ, ಮಷಿನ್ ತಿರುಗಿಸೋದು ಕಡಿಮೆ. ಆ ಭಾರ ಹೋಗಿ ಕೂರುವುದು ಗೋಡೆಯ ತಲೆಯ ಮೇಲೆ. ಕೆಳಗೆ ಇಳಿಯುವವನು ನೀವಲ್ಲ, ಪೈಪ್ ಜೋಡಿಸುವವನು. ಅವನ ಜೀವ ನೀವು ಮಣ್ಣು ಎಲ್ಲಿ ಹಾಕಿದಿರಿ ಅನ್ನುವುದರ ಮೇಲೆ ನಿಂತಿರುತ್ತದೆ.

ಜನರ ವಿಷಯಕ್ಕೆ ಬಂದರೆ, ಎಕ್ಸ್‌ಕವೇಟರ್‌ನಲ್ಲಿ ಕೂತವನಿಗೆ ಬಲಗಡೆ ಬೂಮ್ ಅಡ್ಡ, ಹಿಂದೆ ಕೌಂಟರ್‌ವೇಟ್ (ಮಷಿನ್ ಮುಂದಕ್ಕೆ ಮಗುಚದಂತೆ ಹಿಂಭಾಗದಲ್ಲಿ ಇಟ್ಟ ಭಾರ) ಅಡ್ಡ. ಕ್ಯಾಮೆರಾ, ಕನ್ನಡಿ ಎಲ್ಲಾ ಇದ್ದರೂ ಕುರುಡು ಜಾಗ ಉಳಿದೇ ಉಳಿಯುತ್ತದೆ. ತಿರುಗುವಾಗ ಹಿಂಭಾಗ ಚೈನ್‌ಗಿಂತ ಹೊರಗೆ ಚಾಚುತ್ತದೆ. ಗೋಡೆಗೂ ಮಷಿನ್‌ಗೂ ನಡುವೆ ನಿಂತವನಿಗೆ ಅದು ಗೊತ್ತಿರೋದಿಲ್ಲ. ಸಿಗ್ನಲ್ ಕೊಡುವವನು ಕಾಣದಿದ್ದರೆ ನಾನು ಬಕೆಟ್ ನೆಲಕ್ಕಿಟ್ಟು ಉಳಿದ ಲಿವರ್‌ಗಳು ಕೆಲಸ ಮಾಡದಂತೆ ತಡೆಯುವ ಲಾಕ್ ಲಿವರ್ ಹಾಕಿ ಸುಮ್ನೆ ಕೂರುತ್ತೇನೆ. ಬೈಗುಳ ಬರುತ್ತದೆ, ಬರಲಿ. ಮೇಲೆ ವಿದ್ಯುತ್ ತಂತಿ ಇದ್ದರೆ ಇನ್ನೂ ಒಬ್ಬ ಬರೀ ತಂತಿ ನೋಡಿಕೊಂಡು ನಿಲ್ಲಬೇಕು. ಬೂಮ್ ತುದಿಗೂ ತಂತಿಗೂ ಎಷ್ಟು ಅಂತರ ಅಂತ ಕ್ಯಾಬಿನ್‌ನಿಂದ ಅಂದಾಜು ಸಿಗೋದಿಲ್ಲ. ಅಕಸ್ಮಾತ್ ತಗುಲಿದರೆ ಬೆಂಕಿ ಹತ್ತದ ಹೊರತು ಇಳಿಯಬಾರದು, ಕರೆಂಟ್ ತೆಗೆಸುವವರೆಗೆ ಒಳಗೇ ಕೂರಬೇಕು. ಒಂದು ಕಾಲು ಮಷಿನ್ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟಿರೋ, ಕರೆಂಟ್ ನಿಮ್ಮ ಮೂಲಕವೇ ಹರಿಯುತ್ತದೆ.

ಮಷಿನ್ ನಡೆಸುವಾಗಲೂ ಒಂದು ತಮಾಷೆ ಇದೆ. ಕ್ಯಾಬಿನ್ ಅರ್ಧ ಸುತ್ತು ತಿರುಗಿದ್ದರೆ ಪೆಡಲ್ ಮುಂದೆ ಒತ್ತಿದಾಗ ಮಷಿನ್ ಹಿಂದೆ ಹೋಗುತ್ತದೆ. ಹಾಗಾಗಿ ಹೊರಡುವ ಮುಂಚೆ ಚೈನ್ ಎಳೆಯುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಎಲ್ಲಿದೆ ಅಂತ ಒಮ್ಮೆ ಬಗ್ಗಿ ನೋಡುವುದು ಅಭ್ಯಾಸ ಆಗಬೇಕು. ಸ್ಪ್ರಾಕೆಟ್ ಹಿಂದೆ ಇದ್ದರೆ ಎಲ್ಲಾ ನೆಟ್ಟಗೆ.

ಬೆಳಗ್ಗೆ ಬಂದವರೇ ಕೀ ತಿರುಗಿಸೋದಿಲ್ಲ. ಮಷಿನ್ ಸುತ್ತ ಒಂದು ಸುತ್ತು ಬರಬೇಕು. ಕೆಳಗೆ ನೆಲದ ಮೇಲೆ ಎಣ್ಣೆ ಹನಿ ಇದೆಯಾ, ಬಕೆಟ್ ಹಲ್ಲಿನ ಪಿನ್ ಇದೆಯಾ, ಚೈನ್ ಜೋತುಬಿದ್ದಿದೆಯಾ, ಇಂಜಿನ್ ಆಯಿಲ್ ಎಷ್ಟಿದೆ. ಆಮೇಲೆ ಗ್ರೀಸ್. ತೋಳುಗಳ ಕೀಲಿನಲ್ಲಿರುವ ಪಿನ್ನಿನ ಅಂಚಿನಿಂದ ಹಳೆ ಗ್ರೀಸ್ ಕಪ್ಪಗೆ ಹೊರಬಂದು, ಹಿಂದೆಯೇ ಹೊಸದು ಕಾಣುವವರೆಗೂ ಒತ್ತಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಪಿನ್, ಅದರ ಸುತ್ತಲಿನ ಬುಶ್ (ಲೋಹದ ಕೊಳವೆ) ಸವೆದು ಬಕೆಟ್ ಕಟಕಟ ಅಲ್ಲಾಡುತ್ತದೆ. ಆಮೇಲೆ ನೀವು ಎಂಥಾ ಕೈಚಳಕ ಇರುವವರಾದರೂ ಲೆವೆಲ್ ಬರೋದಿಲ್ಲ.

ಹೈಡ್ರಾಲಿಕ್ ಪೈಪ್ ವಿಷಯ ಮಾತ್ರ ದಯವಿಟ್ಟು ನೆನಪಿಡಿ. ದೊಡ್ಡ ಎಕ್ಸ್‌ಕವೇಟರ್‌ಗಳಲ್ಲಿ ಎಣ್ಣೆಯ ಒತ್ತಡ 350 ಬಾರ್ ಹತ್ತಿರ, ಅಂದರೆ ಗಾಳಿಯ ಸಾಮಾನ್ಯ ಒತ್ತಡದ ಸುಮಾರು 350 ಪಟ್ಟು ಹೋಗುತ್ತದೆ. ಹೋಸ್‌ನಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯಾಗಿ ಚಿಮ್ಮುತ್ತದೆ, ಗ್ಲೌಸ್ ದಾಟಿ ಚರ್ಮದೊಳಗೆ ನುಗ್ಗುತ್ತದೆ. ಗಾಯ ನೋಡಿದರೆ ಮುಳ್ಳು ಚುಚ್ಚಿದ ಹಾಗೆ ಇರುತ್ತದೆ, ನೋವು ಮೊದಲಿಗೆ ಅಷ್ಟಾಗಿ ಇರೋದಿಲ್ಲ. ಏನೂ ಆಗಿಲ್ಲ ಅಂತ ಮನೆಗೆ ಹೋದವರು ಬೆರಳು, ಕೈ ಕಳೆದುಕೊಂಡಿದ್ದುಂಟು. ಲೀಕ್ ಹುಡುಕೋಕೆ ಕೈ ಬೇಡ, ಮಷಿನ್ ಆಫ್ ಮಾಡಿ ಒತ್ತಡ ಇಳಿಸಿ. ಚಾಲೂ ಇದ್ದಾಗಲೇ ನೋಡಬೇಕಾದರೆ ರಟ್ಟಿನ ತುಂಡು ಹಿಡಿಯಿರಿ. ಚುಚ್ಚಿಸಿಕೊಂಡರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಇನ್ನು ಮೈ ವಿಷಯ. ಕೂತು ಮಾಡೋ ಕೆಲಸ, ಆರಾಮ ಅಲ್ವಾ ಅಂತ ನೀವು ಬರೆದಿದ್ದೀರಿ. ಕೂತಿರುವುದೇ ತೊಂದರೆ. ಸೀಟಿನ ಮೂಲಕ ದಿನವಿಡೀ ಅದಿರಾಟ ಬೆನ್ನಿಗೆ ಏರುತ್ತದೆ. ಯುರೋಪ್ ಒಕ್ಕೂಟ 2002ರಲ್ಲಿ ಇದಕ್ಕೇ ಒಂದು ಕಾನೂನು ತಂದು, ಎಂಟು ಗಂಟೆ ಕೆಲಸಕ್ಕೆ ಮೈಗೆ ಎಷ್ಟು ಅದಿರಾಟ ತಗಲಬಹುದು ಅಂತ ಮಿತಿ ಹಾಕಿತು. ಡೋಜರ್‌ನಲ್ಲಿ ಇದು ಇನ್ನೂ ಜೋರು, ಜೊತೆಗೆ ಪದೇ ಪದೇ ಹಿಂದೆ ತಿರುಗಿ ನೋಡಿ ಕುತ್ತಿಗೆ ಹಿಡಿಯುತ್ತದೆ. ಸೀಟಿನ ಕೆಳಗೆ ನಿಮ್ಮ ತೂಕಕ್ಕೆ ಹೊಂದಿಸೋ ನಾಬ್ ಇರುತ್ತದೆ. ಅದನ್ನು ಮುಟ್ಟದೇ ವರ್ಷಗಟ್ಟಲೆ ಓಡಿಸುವವರನ್ನು ನೋಡಿದ್ದೇನೆ, ಯಾಕೋ ಅರ್ಥವಾಗೋದಿಲ್ಲ. ಇಳಿಯೋಕೆ ಬೇಜಾರು ಅಂತ ನೀರು ಕುಡಿಯದೇ ಕೂರುವವರೂ ಇದ್ದಾರೆ. ಮತ್ತೆ ಕ್ಯಾಬಿನ್‌ನಿಂದ ಜಿಗಿಯಬೇಡಿ. ಮಷಿನ್ ಕಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲಿನಲ್ಲಿ ಮೂರು ಯಾವಾಗಲೂ ಹಿಡಿತದಲ್ಲಿರಲಿ.

ಬೇಸರವೂ ಇದೆ. ಟಿಪ್ಪರ್ ಬರೋವರೆಗೆ ಕಾಯುವುದು, ಸರ್ವೇಯರ್ ಬರೋವರೆಗೆ ಕಾಯುವುದು, ಮಳೆ ನಿಲ್ಲೋವರೆಗೆ ಕಾಯುವುದು. ಒಬ್ಬರೇ ಇರೋಕೆ ಆಗದವರಿಗೆ ಈ ಕೆಲಸ ಹಿಡಿಸೋದಿಲ್ಲ.

ಮಷಿನ್ ತಾನೇ ಓಡುವ ವಿಷಯ ಸುಳ್ಳಲ್ಲ. ಚಾಲಕ ಇಲ್ಲದ ಭಾರೀ ಡಂಪರ್‌ಗಳು 2008ರಿಂದಲೇ ಚಿಲಿ, ಆಸ್ಟ್ರೇಲಿಯಾದ ದೊಡ್ಡ ಗಣಿಗಳಲ್ಲಿ ಓಡುತ್ತಿವೆ. ಎಕ್ಸ್‌ಕವೇಟರ್‌ಗೂ ಜಿಪಿಎಸ್ ಬಂದಿದೆ, ಪರದೆಯ ಮೇಲೆ ಎಷ್ಟು ಆಳ ಬಾಕಿ ಅಂತ ತೋರಿಸುತ್ತದೆ. ಕೆಲವದರಲ್ಲಿ ನೀವು ಆರ್ಮ್ ಎಳೆದರೆ ಬೂಮ್ ತಾನೇ ಹೊಂದಿಕೊಂಡು ಲೆವೆಲ್ ಮಾಡುತ್ತದೆ. ಮೇಲೆ ಅಷ್ಟುದ್ದ ಹೇಳಿದೆನಲ್ಲ, ಆ ಗುಂಡಿ ಬೀಳೋ ಕಷ್ಟ ಅಲ್ಲಿ ಇಲ್ಲ. ನನಗೆ ಇದರ ಬಗ್ಗೆ ಸಿಟ್ಟಿಲ್ಲ. ಡಂಪರ್ ಓಡುವುದು ಅದೇ ದಾರಿಯಲ್ಲಿ, ಜನ ಇಲ್ಲದ ಜಾಗದಲ್ಲಿ. ಹಳೆ ಪೈಪ್, ಪಕ್ಕದ ಗೋಡೆ, ಸಿಗ್ನಲ್ ಕೊಡುವವನು, ಮಧ್ಯೆ ನುಗ್ಗುವ ದಾರಿಹೋಕ ಎಲ್ಲಾ ಇರುವ ಇಕ್ಕಟ್ಟಿನಲ್ಲಿ ಅಗೆಯುವ ಕೆಲಸ ಬೇರೆ. ಬರೀ ಲಿವರ್ ಎಳೆಯುವುದು ಕಲಿತವನಿಗೆ ಮುಂದೆ ಕಷ್ಟ ಆಗಬಹುದು. ಪರದೆ ಓದೋದು ಬರುವ, ಪರದೆ ತಪ್ಪು ಹೇಳಿದಾಗ ಗುರುತು ಹಿಡಿಯುವ ಆಪರೇಟರ್‌ಗೆ ಕೆಲಸ ಇರುತ್ತದೆ ಅಂತ ನನ್ನ ಲೆಕ್ಕ.

ಸೇರಬೇಕಾ ಅಂದರೆ, ತರಬೇತಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಒಬ್ಬೊಬ್ಬರಿಗೆ ನಿಜವಾದ ಮಷಿನ್ ಮೇಲೆ ಎಷ್ಟು ಗಂಟೆ ಸಿಗುತ್ತದೆ? ಸಿಮ್ಯುಲೇಟರ್ ಕೈಗೆ ಪ್ಯಾಟರ್ನ್ ಕೂರಿಸೋಕೆ ಒಳ್ಳೆಯದು, ಆದರೆ ಅದರಲ್ಲಿ ಮಣ್ಣು ಕುಸಿಯೋದಿಲ್ಲ, ಸೀಟು ವಾಲೋದಿಲ್ಲ. ಸಾಧ್ಯವಾದರೆ ಮೊದಲು ಕೆಲವು ತಿಂಗಳು ಹೆಲ್ಪರ್ ಆಗಿ ನಿಲ್ಲಿ. ಕೆಳಗೆ ನಿಂತು ನೋಡಿದವನಿಗೆ ಮೇಲೆ ಕೂತಾಗ ಎಲ್ಲಿ ಜನ ನಿಲ್ಲುತ್ತಾರೆ ಅಂತ ಹೇಳಿಕೊಡಬೇಕಾಗಿಲ್ಲ. ಈಗಲೇ ಬೆನ್ನುನೋವು ಇದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ, ಆಮೇಲೆ ಕೋರ್ಸ್ ಯೋಚನೆ ಮಾಡಿ.